ತೂಕದಮ್ಮನ ಎರಡನೇ ಪ್ರಶ್ನೆ

ನನ್ನ ತೂಕ ಅರವತ್ತೆಂಟು ಕಿಲೋ ಏಳುನೂರು ಗ್ರಾಂ. ಇದನ್ನು ನಾನಾಗಿ ಹೇಳಿಕೊಳ್ಳುವ ಅಗತ್ಯವೇನೂ ಇರಲಿಲ್ಲ. ನಮ್ಮ ಬೀದಿಯ ಅರ್ಧ ಜನಕ್ಕೆ ಈಗಾಗಲೇ ಗೊತ್ತಿದೆ. ಪ್ರಾಣಿಗಳ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂರುವ ತೂಕದಮ್ಮ ಒಂದು ಸೋಮವಾರ ಬೆಳಗ್ಗೆ, ಏಳು ನಾಯಿ, ಒಂದು ಮೇಕೆ ಮತ್ತು ಅವುಗಳ ಮಾಲೀಕರೆಲ್ಲರ ಸಮ್ಮುಖದಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಿದರು.

"ಲೋಡ್ ಗಾಡಿ, ಎಪ್ಪತ್ತೆಂಟು ಮುನ್ನೂರು. ಖಾಲಿ ಗಾಡಿ, ಅರವತ್ತೆಂಟು ಏಳುನೂರು. ಮಾಲು, ಒಂಬತ್ತು ಆರುನೂರು."

ಲೋಡ್ ಗಾಡಿ ಅಂದರೆ ನಾಯಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತ ನಾನು. ಖಾಲಿ ಗಾಡಿ ಅಂದರೆ ಬರೀ ನಾನು. ಮಾಲು ಅಂದರೆ ನಮ್ಮ ಮನೆಯ ನಾಯಿ, ಪಾರ್ಸೆಲ್. ನಾನು ಕೆಲಸ ಮಾಡುವುದು ಆಸ್ಪತ್ರೆಯ ಪಕ್ಕದ ಪಾರ್ಸೆಲ್ ಆಫೀಸಿನಲ್ಲಿ. ಎರಡು ವರ್ಷದ ಹಿಂದೆ ನಮ್ಮ ಬಾಗಿಲ ಹೊರಗಿಟ್ಟಿದ್ದ ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಒಂದು ಮರಿ ತಾನಾಗಿ ಬಂದು ಮಲಗಿತ್ತು. ಕಳಿಸಿದವರ ಹೆಸರಿಲ್ಲ, ಪಡೆಯುವವರ ಹೆಸರೂ ಇಲ್ಲ. ಸಂಜೆಯವರೆಗೆ ಯಾರೂ ಕೇಳಿಕೊಂಡು ಬರದಿದ್ದಾಗ ನಾನೇ ಸಹಿ ಹಾಕಿದವನ ಹಾಗೆ ಎತ್ತಿಕೊಂಡು ಮನೆಗೆ ಹೋದೆ. ಮನೆಯಲ್ಲಿ ಅಣ್ಣ ನಕ್ಕ. ಅತ್ತಿಗೆ ನಗಲಿಲ್ಲ.

ತೂಕದಮ್ಮನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಐವತ್ತೈದು ದಾಟಿದ ಹೆಂಗಸು. ಕುಳ್ಳು, ಗಟ್ಟಿ ಆಳು, ಕನ್ನಡಕಕ್ಕೆ ಎರಡೂ ಕಡೆ ದಾರ. ಆಸ್ಪತ್ರೆಗೆ ಬರುವ ಮುಂಚೆ ಹತ್ತೊಂಬತ್ತು ವರ್ಷ ಕಾಗದದ ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ಲಾರಿ ತೂಗಿದವರು. ಲೋಡ್ ತುಂಬಿದ ಲಾರಿಯನ್ನೊಮ್ಮೆ, ಖಾಲಿ ಲಾರಿಯನ್ನೊಮ್ಮೆ. ಕಾರ್ಖಾನೆ ಬಾಗಿಲು ಹಾಕಿತು. ತೂಗುವ ಚಾಳಿ ಬಿಡಲಿಲ್ಲ. ಆಸ್ಪತ್ರೆಯ ಹಳೇ ಡಾಕ್ಟರು "ಲಾರಿ ತೂಗಿದ ಕೈಗೆ ನಾಯಿ ಯಾವ ಲೆಕ್ಕ" ಅಂತ ಇವರನ್ನು ಸೇರಿಸಿಕೊಂಡರಂತೆ. ಆ ಡಾಕ್ಟರು ನಿವೃತ್ತರಾಗಿ ಈಗ ಹೊಸಬರು ಬಂದಿದ್ದಾರೆ. ಹೊಸ ಡಾಕ್ಟರಿಗೆ ನನ್ನದೇ ವಯಸ್ಸು. ಔಷಧಿ ಬರೆಯುವುದು ಅವರೇ, ಆದರೆ ಬರೆಯುವ ಮುಂಚೆ ಒಂದು ಸಲ ಕಿಟಕಿಯಾಚೆ ತೂಕದಮ್ಮನ ಮುಖ ನೋಡುತ್ತಾರೆ.

ತೂಗದೆ ಅವರು ಯಾವ ಪ್ರಾಣಿಗೂ ಉಣ್ಣಿಯ ಔಷಧಿ ಕೊಟ್ಟವರಲ್ಲ. "ಅಂದಾಜು ಹತ್ತು ಕಿಲೋ ಇರಬಹುದಮ್ಮಾ" ಅಂದವನಿಗೆ, "ನಿಮ್ಮ ಸಂಬಳಾನೂ ಅಂದಾಜಿಗೇ ಕೊಡ್ತಾರಾ?" ಅನ್ನುತ್ತಾರೆ. ತಕ್ಕಡಿಯ ಮೇಲೆ ನಿಲ್ಲದ ನಾಯಿಯನ್ನು ಮಾಲೀಕರೇ ಎತ್ತಿಕೊಂಡು ನಿಲ್ಲಬೇಕು. ಹೀಗಾಗಿ ನಮ್ಮ ಬೀದಿಯಲ್ಲಿ ಯಾರು ದಪ್ಪಗಾದರು, ಯಾರು ಇಳಿದರು ಎಂಬ ಸುದ್ದಿಯೆಲ್ಲ ಪ್ರಾಣಿಗಳ ಆಸ್ಪತ್ರೆಯಿಂದಲೇ ಹೊರಡುತ್ತದೆ.

ಈಗ ನನ್ನ ಕಷ್ಟ.

ಅತ್ತಿಗೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಮಧ್ಯೆ ಚಾಪೆ, ಚಾಪೆಯ ಮೇಲೆ ಒಂಬತ್ತು ತಿಂಗಳ ಪುಟ್ಟಿ. ಪುಟ್ಟಿ ಆಗತಾನೇ ತೆವಳಲು ಕಲಿತಿದ್ದಳು. ಸಿಕ್ಕಿದ್ದೆಲ್ಲ ನೇರವಾಗಿ ಬಾಯಿಗೆ. ಒಂದು ಶನಿವಾರ ಅವಳ ಹೊದಿಕೆಯ ಮೇಲೆ ಅತ್ತಿಗೆಗೆ ಬೂದು ಬಣ್ಣದ ಗುಂಡಿಯೊಂದು ಕಾಣಿಸಿತು. ಯಾರ ಅಂಗಿಯದಪ್ಪಾ ಇದು ಅಂತ ಎತ್ತಿಕೊಳ್ಳಲು ಹೋದರು. ಗುಂಡಿಗೆ ಕಾಲಿದ್ದವು.

ಅತ್ತಿಗೆ ಕಿರುಚಲಿಲ್ಲ. ಕಿರುಚಿದ್ದರೆ ವಾಸಿಯಿತ್ತು. ಅಳತೆ ಟೇಪನ್ನು ಕುತ್ತಿಗೆಯಿಂದ ತೆಗೆದು ಮಡಚಿ ಇಟ್ಟು ನನ್ನನ್ನು ಕರೆದರು.

"ನೋಡು, ಪಾರ್ಸೆಲ್ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ನಾಳೆ ಬಿಟ್ಟು ಮುಂದಿನ ಭಾನುವಾರದೊಳಗೆ ಈ ಉಣ್ಣಿಗೆ ಏನಾದ್ರೂ ದಾರಿ ಮಾಡು. ಇಲ್ಲಾಂದ್ರೆ ಪಾರ್ಸೆಲ್‌ನ ಬಂದ ವಿಳಾಸಕ್ಕೇ ವಾಪಸ್ ಕಳಿಸು."

"ಅದಕ್ಕೆ ವಿಳಾಸಾನೇ ಇಲ್ವಲ್ಲ ಅತ್ತಿಗೆ."

"ನಿನ್ನ ಆಫೀಸಿದೆಯಲ್ಲ. ಅಲ್ಲೇ ಇಟ್ಕೋ. ನೀನೂ ಬೇಕಾದ್ರೆ ಅಲ್ಲೇ ಇರು."

ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಪ್ರಕಾರ ಜಗತ್ತಿನ ಯಾವ ತೊಂದರೆಯೂ ಒಂದು ಬಟ್ಟೆ ಡೀಸೆಲ್ಲಿನಲ್ಲಿ ಅದ್ದಿ ಒರೆಸಿದರೆ ಹೋಗುತ್ತದೆ. "ಮೈಗೆಲ್ಲ ಒಂದು ಸಲ ಒರೆಸಿಬಿಡೋಣ ಕಣೋ" ಅಂದ. ಅತ್ತಿಗೆ ಅವನ ಕಡೆ ಒಂದು ನೋಟ ಬೀರಿದರು. ಅವನು ಪೇಪರಿನ ಹಿಂದೆ ಅಡಗಿಕೊಂಡ.

ಹೀಗೆ ಸೋಮವಾರ ಹತ್ತು ನಿಮಿಷ ರಜೆ ಕೇಳಿಕೊಂಡು ನಾನು ಪಾರ್ಸೆಲ್ ಸಮೇತ ತೂಕದಮ್ಮನ ಮುಂದೆ ನಿಂತದ್ದು. ನಾನೇನೂ ಸಿದ್ಧತೆಯಿಲ್ಲದೆ ಹೋದವನಲ್ಲ. ನಮ್ಮ ಆಫೀಸಿನ ತಕ್ಕಡಿಯಲ್ಲೇ ನಾಯಿಯನ್ನು ತೂಗಿಕೊಂಡು ಹೋಗಿದ್ದೆ.

"ಹನ್ನೊಂದು ಕಿಲೋ," ಅಂದೆ ಹೆಮ್ಮೆಯಿಂದ.

"ಯಾವ ತಕ್ಕಡಿ?"

"ನಮ್ಮದೇ."

"ಮುಂದಿನ ಕಿಲೋಗೆ ಹತ್ತಿಸಿ ಬರೆಯೋ ಚಾಳಿ ನಿಮ್ಮದು. ಪೆಟ್ಟಿಗೆ ತೂಕಾನೂ ಸೇರಿಸಿರ್ತೀರ. ಪಾರ್ಸೆಲ್ ಅಂತ ಹೆಸರಿಟ್ಟ ಮಾತ್ರಕ್ಕೆ ಇದಕ್ಕೂ ಅದೇ ನ್ಯಾಯಾನಾ? ಹತ್ತಿ, ಹೊಲಿಗೆ ಹಾಕಿದ ಹಾಗೆ ಅಲ್ಲಾಡದೆ ನಿಲ್ಲಿ ತಕ್ಕಡಿ ಮೇಲೆ."

ಪೆಟ್ಟಿಗೆಯಲ್ಲಿ ಕೂರಿಸಿಯೇ ತೂಗಿದ್ದೆ ಎಂಬುದು ಆಗ ನೆನಪಾಯಿತು. ಆಮೇಲೆ ಆದದ್ದನ್ನು ಮೊದಲೇ ಹೇಳಿದ್ದೇನೆ: ಮಾಲು, ಒಂಬತ್ತು ಆರುನೂರು. ಹತ್ತು ಕಿಲೋವರೆಗಿನ ನಾಯಿಗೊಂದು ಔಷಧಿ, ಹತ್ತು ದಾಟಿದ್ದಕ್ಕೆ ಇನ್ನೊಂದು. ನನ್ನ ತಕ್ಕಡಿ ನಂಬಿದ್ದರೆ ದೊಡ್ಡ ನಾಯಿಯದನ್ನು ಹಾಕಿಬಿಡುತ್ತಿದ್ದೆ. ಹೆಚ್ಚು ಹಾಕಿದರೆ ಹೆಚ್ಚು ಉಣ್ಣಿ ಸಾಯುತ್ತದೆ, ಅಷ್ಟೇ ತಾನೆ ಅಂತ ನನ್ನ ತಿಳಿವಳಿಕೆ.

ತೂಕದಮ್ಮ ಚೀಟಿ ಬರೆಯುತ್ತಾ ಕೇಳಿದರು: "ಮನೇಲಿ ಬೇರೆ ಪ್ರಾಣಿ ಇದೆಯಾ?"

"ಇಲ್ಲ," ಅಂದೆ.

ಈ 'ಇಲ್ಲ' ಬಗ್ಗೆ ಒಂದು ಮಾತು. ನನ್ನ ಕೌಂಟರಿನಲ್ಲಿ ನಾನು ದಿನಕ್ಕೆ ಎಂಬತ್ತು ಜನರನ್ನಾದರೂ ಕೇಳುತ್ತೇನೆ: "ಒಳಗೆ ದ್ರವ, ಬ್ಯಾಟರಿ, ಗಾಜು ಏನಾದರೂ ಇದೆಯಾ?" ಎಂಬತ್ತು ಜನರೂ ನನ್ನ ಮಾತು ಮುಗಿಯುವ ಮುಂಚೆ "ಇಲ್ಲ ಇಲ್ಲ" ಅನ್ನುತ್ತಾರೆ. ಎಣ್ಣೆ ಸೋರುತ್ತಿರುವ ಪೆಟ್ಟಿಗೆ ಹಿಡಿದುಕೊಂಡೇ ಅನ್ನುತ್ತಾರೆ. ಅವರನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿದ್ದೇನೋ. ಕೌಂಟರಿನ ಆಚೆ ಬದಿಗೆ ಬಂದು ನಿಂತದ್ದೇ ತಡ, ನನ್ನ ಬಾಯಿಂದಲೂ ಅದೇ ಮಾತು ಬಂತು. ಪ್ರಶ್ನೆ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಡಾಕ್ಟರು ಚೀಟಿ ನೋಡಿ, ಪಾರ್ಸೆಲ್‌ನ ಒಸಡು, ಕಿವಿ ನೋಡಿ, ಜ್ವರವಿಲ್ಲ ಅಂತ ಖಾತ್ರಿ ಮಾಡಿಕೊಂಡು ಕುತ್ತಿಗೆಯ ಹಿಂದೆ ಹಾಕುವ ಹನಿ ಔಷಧಿ ಬರೆದರು. ತೂಕದಮ್ಮ ಚಿಕ್ಕ ಪೊಟ್ಟಣ ಕೊಟ್ಟರು. ಹಿಂದೆ ಮೇಕೆ ಬೇರೆ ಕಿರುಚುತ್ತಿತ್ತು. "ಸಂಜೆ ಹಾಕಿ, ಕೂದಲು ಬಿಡಿಸಿ ಚರ್ಮಕ್ಕೇ ಬೀಳೋ ಹಾಗೆ," ಅಂದು ಮುಂದಿನವರನ್ನು ಕರೆದರು. ನಾನು ಯುದ್ಧ ಗೆದ್ದವನಂತೆ ಆಫೀಸಿಗೆ ಹೋದೆ.

ಸಂಜೆ ಆರು ಗಂಟೆ. ಮುಂದಿನ ಕೋಣೆಯಲ್ಲಿ ಶಸ್ತ್ರಚಿಕಿತ್ಸೆಯ ವಾತಾವರಣ. ಅತ್ತಿಗೆ ಬಾಚಣಿಗೆಯಿಂದ ಪಾರ್ಸೆಲ್‌ನ ಕುತ್ತಿಗೆಯ ಕೂದಲು ಬೇರ್ಪಡಿಸಿ ಹಿಡಿದಿದ್ದರು. ಅಣ್ಣ ಅದರ ಮುಂಗಾಲು ಹಿಡಿದು "ಏನೂ ಆಗಲ್ಲ ಮರಿ" ಅನ್ನುತ್ತಿದ್ದ. ಪಾರ್ಸೆಲ್‌ಗಿಂತ ಹೆಚ್ಚು ನಡುಗುತ್ತಿದ್ದವನು ಅವನೇ. ನನ್ನ ಒಂದು ಕೈಯಲ್ಲಿ ಔಷಧಿಯ ಪುಟ್ಟ ಕೊಳವೆ, ಇನ್ನೊಂದರಲ್ಲಿ ಅದರ ತುದಿ ಕತ್ತರಿಸಲು ಅತ್ತಿಗೆಯ ಕತ್ತರಿ. ನನ್ನ ಫೋನು ಪುಟ್ಟಿಯ ಬಾಯಲ್ಲಿತ್ತು. ಅದು ಆಗಿನಿಂದ ಬಡಿದುಕೊಳ್ಳುತ್ತಿತ್ತು, ಪುಟ್ಟಿ ಪ್ರತಿ ಸಲವೂ ಒಸಡಿನಿಂದಲೇ ಅದನ್ನು ನಿಲ್ಲಿಸಿ ಕೇಕೆ ಹಾಕುತ್ತಿದ್ದಳು. ಆಫೀಸಿನ ಮೇಲಿನವರಿರಬೇಕು ಅಂತ ನಾನೂ ಸುಮ್ಮನಿದ್ದೆ.

ಬಾಗಿಲು ದಬದಬ ಬಡಿಯಿತು. ತೆಗೆದರೆ ತೂಕದಮ್ಮ. ಒಂದು ಚಪ್ಪಲಿ ಕಾಲಲ್ಲಿ, ಉಂಗುಷ್ಠ ಕಿತ್ತುಹೋದ ಇನ್ನೊಂದು ಕೈಯಲ್ಲಿ. ಏದುಸಿರು.

"ಹಾಕಿದ್ರಾ?"

"ಇಲ್ಲಮ್ಮ, ಈಗ ತಾನೇ..."

"ಕತ್ತರಿ ಕೆಳಗಿಡಿ. ಆರು ಸಲ ಫೋನ್ ಮಾಡಿದೆ. ಎತ್ತೋಕೇನು?"

"ಪುಟ್ಟಿ ಹತ್ರ ಇತ್ತು."

"ಅವಳೇ ವಾಸಿ. ಪ್ರತಿ ಸಲ ಒಂದು ಉತ್ತರ ಆದ್ರೂ ಕೊಟ್ಟಳು."

ಒಳಗೆ ಬಂದವರು ಯಾರ ಮುಖವನ್ನೂ ನೋಡಲಿಲ್ಲ. ನೇರವಾಗಿ ಬಗ್ಗಿ ಹೊಲಿಗೆ ಯಂತ್ರದ ಕೆಳಗೆ ನೋಡಿದರು. ಅಲ್ಲಿ ಪಾರ್ಸೆಲ್‌ನ ಬುಟ್ಟಿ. ಬುಟ್ಟಿಯಲ್ಲಿ ಪಕ್ಕದ ಮನೆಯ ಮೇಷ್ಟ್ರ ಬಿಳಿ ಬೆಕ್ಕು, ತನ್ನ ಸ್ವಂತ ಮನೆಯ ಹಾಗೆ ಮಲಗಿ ಒಂದು ಕಣ್ಣು ತೆರೆದು ನೋಡಿತು.

"ಇದ್ಯಾರು?" ಅಂದರು ತೂಕದಮ್ಮ.

"ಅದು ನಮ್ಮದಲ್ಲಮ್ಮ. ಮೇಷ್ಟ್ರದು," ಅಂದೆ.

"ಊಟ ಎಲ್ಲಿ?"

"ಮೇಷ್ಟ್ರ ಮನೇಲಿ."

"ನಿದ್ದೆ?"

ನಾನು ನಾಲಿಗೆ ಕಚ್ಚಿಕೊಂಡೆ. ಅತ್ತಿಗೆಯೇ ಉತ್ತರ ಕೊಟ್ಟರು: "ಇಲ್ಲೇ. ದಿನಾ ಪಾರ್ಸೆಲ್ ಕುತ್ತಿಗೆ ಮೇಲೆ ತಲೆ ಇಟ್ಕೊಂಡು. ಅದರ ಕಿವಿ, ಕುತ್ತಿಗೆ ಎಲ್ಲಾ ನೆಕ್ಕಿ ಕೊಡುತ್ತೆ."

ತೂಕದಮ್ಮ ಪುಟ್ಟಿಯ ಪಕ್ಕ ಚಾಪೆಯ ಮೇಲೆ ಕುಸಿದು ಕೂತರು. ನೀರು ಕುಡಿದರು. ಆಮೇಲೆ ಶಾಂತವಾಗಿ ಹೇಳಿದರು, "ಈ ಹನಿಯಲ್ಲಿ ಪರ್ಮೆಥ್ರಿನ್ ಅನ್ನೋ ಔಷಧಿ ಇದೆ ಕಣಮ್ಮ. ನಾಯಿಗೆ ಏನೂ ಮಾಡಲ್ಲ, ಉಣ್ಣಿ ಹತ್ತಿರ ಬರಲ್ಲ. ಬೆಕ್ಕಿನ ಮೈಗೆ ಅದನ್ನ ಅರಗಿಸೋ ಶಕ್ತಿ ಇಲ್ಲ. ಹಸಿ ಇರೋವಾಗ ಒರಗಿ ಮಲಗಿದ್ರೂ ಸಾಕು, ನೆಕ್ಕಿದ್ರೂ ಸಾಕು. ನಡುಕ ಶುರು ಆಗುತ್ತೆ."

ನನ್ನ ಕೈಯಲ್ಲಿದ್ದ ಕೊಳವೆ ಒಮ್ಮೆಲೇ ಭಾರವಾಯಿತು. ಎಷ್ಟು ಕಿಲೋ ಅಂತ ಹೇಳಲಾರೆ.

"ನಿಮಗೆ ಹೇಗೆ ಗೊತ್ತಾಯ್ತು?" ಅತ್ತಿಗೆ ಕೇಳಿದರು.

"ಬೆಳಗ್ಗೆ ತೂಗೋವಾಗ ಈ ನಾಯಿ ಮೂಗಿನ ಮೇಲೆ ಮೂರು ಗೀರು ನೋಡಿದ್ದೆ. ಸಾಲಾಗಿ, ಸಣ್ಣಗೆ. ಕಣ್ಣು ನೋಡಿತ್ತು, ತಲೆ ಓದಿರಲಿಲ್ಲ. ಸಂಜೆ ಬಾಗಿಲು ಹಾಕ್ತಾ ಇದ್ದಾಗ ಥಟ್ಟಂತ ಹೊಳೀತು. ಮುಳ್ಳು ಗೀರಿದ್ರೆ ಮೂರು ಸಾಲು ಬರಲ್ಲ." ಅವರು ನನ್ನ ಕಡೆ ತಿರುಗಿದರು. "ತಪ್ಪು ನಿಮ್ಮೊಬ್ಬರದೇ ಅಲ್ಲ. ನಾನು ಯಾವಾಗ್ಲೂ ಮೂರು ಪ್ರಶ್ನೆ ಕೇಳ್ತೀನಿ. ಇವತ್ತು, ಪಕ್ಕದ ಕೌಂಟರಿನವರು, ನಮ್ಮವರೇ, ಅಂತ ಒಂದಕ್ಕೇ ಬಿಟ್ಟೆ."

"ಮೂರು ಯಾವುದು?" ಅಂದ ಅಣ್ಣ, ಪಾರ್ಸೆಲ್‌ನ ಕಾಲು ಇನ್ನೂ ಹಿಡಿದುಕೊಂಡೇ.

"ಮೊದಲನೇದು, ಮನೇಲಿ ಬೇರೆ ಪ್ರಾಣಿ ಇದೆಯಾ. ಅದಕ್ಕೆ ಎಲ್ಲರೂ ಇಲ್ಲ ಅಂತಾರೆ. ಎರಡನೇದು, ನಾಯಿ ಪಕ್ಕ ಮಲಗೋದು ಯಾರು. ಇದಕ್ಕೆ ಇಲ್ಲ ಅನ್ನೋಕಾಗಲ್ಲ, ನೆನಪು ಮಾಡ್ಕೋಬೇಕು. ಮೂರನೇದು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕೋರು ಯಾರಾದ್ರೂ ಇದ್ದಾರಾ." ಪುಟ್ಟಿಯ ಬಾಯಿಂದ ಫೋನು ಬಿಡಿಸಿ ಸೆರಗಿಗೆ ಒರೆಸಿ ನನ್ನ ಕೈಗೆ ಕೊಟ್ಟರು.

ಎರಡನೇ ಪ್ರಶ್ನೆ ಎಲ್ಲಿಂದ ಬಂತು ಎಂದು ಅವರು ಹೇಳಿದ್ದು ಆಮೇಲೆ, ಚಹಾ ಬಂದಾಗ. ಅವರೂ ಅವರ ಅಕ್ಕನೂ ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇರುತ್ತಾರೆ. ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಅಕ್ಕನ ಹತ್ತಿರ ಒಂದು ಬೂದು ಬೆಕ್ಕು ಇತ್ತು. ಬಾಗಿಲಲ್ಲಿ ಯಾರಾದರೂ ಬಂದರೆ ಅದೇ ಹೋಗಿ ಅಕ್ಕನ ಕಾಲಿಗೆ ತಲೆ ಉಜ್ಜಿ ತಿಳಿಸುತ್ತಿತ್ತಂತೆ. ಕೆಳಗಿನ ಇಸ್ತ್ರಿಯವನಿಗೆ ಒಂದು ನಾಯಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ತೂಕದಮ್ಮನೇ ಅವನಿಗೆ ಇದೇ ಥರದ ಹನಿ ಕೊಟ್ಟರು. ಮನೇಲಿ ಬೇರೆ ಪ್ರಾಣಿ ಇದೆಯಾ ಅಂತ ಕೇಳಿಯೇ ಕೊಟ್ಟರು. ಅವನು ಇಲ್ಲ ಅಂದ.

"ಸುಳ್ಳೇನೂ ಹೇಳ್ಲಿಲ್ಲ ಪಾಪ. ಬೆಕ್ಕು ಅವನದಾಗಿರಲಿಲ್ಲ, ನಮ್ಮದಾಗಿತ್ತು. ಬಿಸಿ ಬಟ್ಟೆ ರಾಶಿ ಮೇಲೆ ಅವನ ನಾಯಿ ಜೊತೆ ಮಲಗ್ತಿತ್ತು, ಅಷ್ಟೇ." ಲೋಟ ಕೆಳಗಿಟ್ಟರು. "ವೇಬ್ರಿಡ್ಜಿನಲ್ಲಿ ಡ್ರೈವರುಗಳು ಸೀಟಿನ ಕೆಳಗೆ ನೀರಿನ ಕ್ಯಾನು ಬಚ್ಚಿಟ್ಟು ಖಾಲಿ ಗಾಡಿ ಅಂತಿದ್ರು. ಅದನ್ನ ಹಿಡೀತಿದ್ದೆ. ಇದನ್ನ ಹಿಡೀಲಿಲ್ಲ ನೋಡಿ. ಈಗ ಅಕ್ಕನಿಗೆ ಬಾಗಿಲಿಗೆ ಬಲ್ಬ್ ಹಾಕಿಸಿದ್ದೀನಿ, ಗಂಟೆ ಒತ್ತಿದ್ರೆ ಉರಿಯುತ್ತೆ. ಬಲ್ಬ್ ಕಾಲಿಗೆ ತಲೆ ಉಜ್ಜಲ್ಲ ಅಂತ ಅಕ್ಕ ಈಗ್ಲೂ ಬೈತಾಳೆ."

ಬೆಕ್ಕು ಬುಟ್ಟಿಯಿಂದ ಎದ್ದು, ಮೈ ಮುರಿದು, ನಮ್ಮ ಎಲ್ಲರನ್ನೂ ಬಿಟ್ಟು ಅವರ ಮೊಣಕಾಲಿಗೇ ತಲೆ ಉಜ್ಜಿತು. ಅವರು ಅದರ ಬೆನ್ನು ಸವರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸವರಿದರು.

ನನ್ನ ಚಿಂತೆ ಮಾತ್ರ ಬೇರೆಯೇ ಇತ್ತು. ಔಷಧಿ ವಾಪಸ್ ಹೋಯಿತು; ಭಾನುವಾರದ ಗಡುವು ವಾಪಸ್ ಹೋಗಿರಲಿಲ್ಲ. ಪಾರ್ಸೆಲ್ ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿತ್ತು. ಒಂಬತ್ತು ಆರುನೂರರಲ್ಲಿ ಅರ್ಧ ತೂಕ ತಲೆಯದೇ ಇರಬೇಕು.

ಅತ್ತಿಗೆ ಕೇಳಿಯೇಬಿಟ್ಟರು. "ಹಾಗಾದ್ರೆ ನನ್ನ ಮಗು ಗತಿ ಏನಮ್ಮ? ಹನಿ ಬೇಡ ಅಂದ್ರೆ ಉಣ್ಣಿ ಓಡಿಸೋ ಕುತ್ತಿಗೆ ಪಟ್ಟಿ ಸಿಗುತ್ತಲ್ಲ?"

"ಸಿಗುತ್ತೆ. ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಇವಳು ಮೊದಲು ಅದನ್ನೇ ಚೀಪ್ತಾಳೆ. ಮೂರನೇ ಪ್ರಶ್ನೆ."

"ಡೀಸೆಲ್..." ಅಂದ ಅಣ್ಣ.

"ಡಿಪೋದವರಾ?" ಅಂದರು ತೂಕದಮ್ಮ. ಅಣ್ಣ ತಲೆಯಾಡಿಸಿದ. "ನಾಯಿಗೆ ಸೈಲೆನ್ಸರ್ ಇಲ್ಲಪ್ಪ. ಚರ್ಮ ಸುಟ್ಟುಹೋಗುತ್ತೆ, ನೆಕ್ಕಿದ್ರೆ ಹೊಟ್ಟೆಗೂ ಹೋಗುತ್ತೆ." ಆಮೇಲೆ ಅತ್ತಿಗೆಗೆ ಹೇಳಿದರು: "ಮಾತ್ರೆ ಇದೆ. ತಿಂಗಳಿಗೊಂದು, ಊಟದ ಜೊತೆ. ಮೈ ಮೇಲೆ ಏನೂ ಹಚ್ಚೋದಿಲ್ಲ, ಹಾಗಾಗಿ ಬೆಕ್ಕಿಗೂ ಭಯ ಇಲ್ಲ, ಪುಟ್ಟಿಗೂ ಇಲ್ಲ. ನಾಯಿಗೆ ಯಾವತ್ತಾದ್ರೂ ಫಿಟ್ಸ್ ಬಂದಿತ್ತಾ ಅಂತ ಡಾಕ್ಟರು ಕೇಳ್ತಾರೆ, ಬಂದಿದ್ರೆ ಬೇರೆ ದಾರಿ ಹುಡುಕಬೇಕು. ಆದ್ರೆ ಒಂದು ಮಾತು. ಉಣ್ಣಿ ಕಚ್ಚಿದ ಮೇಲೆ ಸಾಯೋದು ಇದರಲ್ಲಿ. ಮನೆ ಗೋಡೆ ಬಿರುಕಲ್ಲಿ ಮೊಟ್ಟೆ ಇರುತ್ತೆ, ಅದು ಮರಿಯಾಗಿ ಬರ್ತಾನೇ ಇರುತ್ತೆ. ಭಾನುವಾರಕ್ಕೆ ಮುಗಿಯೋ ಕೆಲಸ ಅಲ್ಲ ಇದು."

"ಮತ್ತೆ ಯಾವಾಗ?"

"ನೀವು ಹೊಲಿಗೆ ಕಲಿಯೋಕೆ ಎಷ್ಟು ದಿನ ಆಯ್ತು?"

ತೂಕದಮ್ಮನ ಕಣ್ಣು ಆಗಲೇ ಯಂತ್ರದ ಮೇಲಿದ್ದ ಚಿಮಟದ ಮೇಲೆ ಬಿದ್ದಿತ್ತು. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರದ ಸೂಜಿಗೆ ದಾರ ಪೋಣಿಸುವ, ತುದಿ ಬಾಗಿದ ಸಣ್ಣ ಚಿಮಟ. ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, ಪಾರ್ಸೆಲ್‌ನ ಕಿವಿ ಮಡಚಿ, ಒಂದು ಉಣ್ಣಿಯನ್ನು ತೋರಿಸಿದರು.

"ಬಾಯಿ ಹತ್ರ, ಚರ್ಮಕ್ಕೆ ಅಂಟಿಸಿ ಹಿಡೀಬೇಕು. ಹೊಟ್ಟೆ ಹಿಸುಕಬಾರದು. ತಿರುಚೋದು, ಸುಡೋದು, ಎಣ್ಣೆ ಹಾಕೋದು ಏನೂ ಬೇಡ. ನೇರವಾಗಿ, ನಿಧಾನವಾಗಿ. ತೆಗೀರಿ."

"ನಾನಾ?"

"ಆ ಇಬ್ಬರ ಕೈ ನೋಡಿ. ಅವರಿಗೆ ಕೊಡೋಣ್ವಾ?"

ಅತ್ತಿಗೆ ಮೂಗು ಮುರಿಯುತ್ತಾ ಚಿಮಟ ತೆಗೆದುಕೊಂಡರು. ಉಸಿರು ಬಿಗಿ ಹಿಡಿದರು. ದಾರ ಎಳೆದ ಹಾಗೆ ಉಣ್ಣಿ ಬಂತು, ತಲೆ ಸಮೇತ. ಪಾರ್ಸೆಲ್ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು ನೋಡಿದ ರೀತಿಯಲ್ಲಿ, ಹೊಲಿಗೆ ಬಿಚ್ಚಿ ಹೊಸದಾಗಿ ಹಾಕಿದಾಗ ಇರುವ ತೃಪ್ತಿಯಿತ್ತು.

"ಒಂದು ತಿಂಗಳು," ಅಂದರು ಕೊನೆಗೆ. "ಒಂದು ದಿನ ಹೆಚ್ಚಿಲ್ಲ."

ಮರುದಿನ ಡಾಕ್ಟರು ಫಿಟ್ಸ್ ಬಗ್ಗೆ ಕೇಳಿದರು. ನಾನು 'ಇಲ್ಲ' ಅನ್ನುವ ಮುಂಚೆ ಒಂದು ನಿಮಿಷ ಯೋಚಿಸಿದೆ. ಮನೆಗೆ ಫೋನ್ ಮಾಡಿ ಅಣ್ಣನನ್ನೂ ಕೇಳಿದೆ. ಕಿಟಕಿಯಾಚೆ ತೂಕದಮ್ಮ ತಲೆದೂಗಿದರು. ಮಾತ್ರೆಯನ್ನು ಪಾರ್ಸೆಲ್ ಬಿಸ್ಕತ್ತು ಅಂದುಕೊಂಡು ನುಂಗಿ ಇನ್ನೊಂದು ಕೇಳಿತು.

ಆ ತಿಂಗಳು ನಮ್ಮ ಮನೆಯಲ್ಲಿ ನಡೆದದ್ದು ಸಣ್ಣ ಕ್ರಾಂತಿ. ಬುಟ್ಟಿಯ ಬಟ್ಟೆ, ಪುಟ್ಟಿಯ ಹೊದಿಕೆ ವಾರಕ್ಕೆರಡು ಸಲ ಕುದಿಯುವ ನೀರಿಗೆ. ಅಣ್ಣ ಡಿಪೋದಿಂದ ಸಿಮೆಂಟು ಬಳಿಯುವ ಪಟ್ಟಿ ತಂದು ಗೋಡೆಯ ಬಿರುಕುಗಳನ್ನೆಲ್ಲ ಮುಚ್ಚಿದ. ಡೀಸೆಲ್ ಸೋತ ಜಾಗದಲ್ಲಿ ಸಿಮೆಂಟು ಅವನ ಮಾನ ಉಳಿಸಿತು. ನಾನು ಮೂಲೆ ಮೂಲೆ ಗುಡಿಸಿ ಕಸವನ್ನು ಪಾರ್ಸೆಲ್ ಟೇಪಿನಿಂದ ಸುತ್ತಿ ಎಸೆಯುತ್ತಿದ್ದೆ. ಮೂರನೇ ದಿನ ಅತ್ತಿಗೆ ಬಚ್ಚಲ ಹತ್ತಿರದಿಂದ ಕೂಗಿದರು, "ಬಂತು ನೋಡು, ಮತ್ತೆ ಬಂತು!" ಓಡಿಹೋಗಿ ನೋಡಿದರೆ ಪಾರ್ಸೆಲ್‌ನ ಕಾಲ್ಬೆರಳ ಸಂದಿಯಲ್ಲಿ ಒಂದು ಉಣ್ಣಿ. ಚಿಮಟಕ್ಕೆ ಸಿಕ್ಕಿದ್ದು ಒಣಗಿದ ಸಿಪ್ಪೆ. ಸತ್ತಿತ್ತು. ಅತ್ತಿಗೆ ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟು ಸಂಜೆ ಬಂದ ಅಣ್ಣನಿಗೆ ತೋರಿಸಿದರು. ಎರಡನೇ ವಾರ ನಾಲ್ಕು. ಮೂರನೇ ವಾರ ಒಂದು. ನಾಲ್ಕನೇ ವಾರ ಅತ್ತಿಗೆ ಇಡೀ ನಾಯಿಯನ್ನು ಬಟ್ಟೆ ಪರೀಕ್ಷಿಸಿದ ಹಾಗೆ ಒಳಹೊರಗೆ ಹುಡುಕಿ, ಏನೂ ಸಿಗದೆ, ಸ್ವಲ್ಪ ಬೇಸರಪಟ್ಟುಕೊಂಡರು ಅಂತ ನನ್ನ ಅನುಮಾನ.

ತಿಂಗಳು ತುಂಬಿದ ದಿನ ನಾನು ಕೌಂಟರಿನಲ್ಲಿ ಪಾರ್ಸೆಲ್ಲುಗಳಿಗೆ ಚೀಟಿ ಅಂಟಿಸುತ್ತಿದ್ದೆ. ಗೋಡೆಯಾಚೆಯಿಂದ ಪರಿಚಿತ ಧ್ವನಿ ಕೇಳಿಸಿತು. ನಡುಗೋಡೆಯ ಕಿಟಕಿಯಲ್ಲಿ ಬಗ್ಗಿ ನೋಡಿದರೆ ಅತ್ತಿಗೆ, ತೋಳಲ್ಲಿ ಪಾರ್ಸೆಲ್, ತಕ್ಕಡಿಯ ಮೇಲೆ. ಕಳಿಸಿಬಿಡಲು ಬಂದರಾ ಅಂತ ಚೀಟಿಗಳನ್ನು ಅಲ್ಲೇ ಬಿಟ್ಟು ಕಿವಿಗೊಟ್ಟೆ.

"ಮಾಲು, ಹತ್ತು ಇನ್ನೂರು," ಅಂತ ತೂಕದಮ್ಮ ಓದಿದರು. ಖಾಲಿ ಗಾಡಿಯ ತೂಕವನ್ನು ಹೆಂಗಸರ ವಿಷಯದಲ್ಲಿ ಅವರು ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ ಎಂಬುದು ಅಂದು ತಿಳಿಯಿತು. "ಹತ್ತು ದಾಟಿದೆ. ಈ ಸಲ ಮಾತ್ರೆ ಬೇರೆ ಬರೀಬೇಕು ಡಾಕ್ಟರು. ಮನೇಲಿ ಬೇರೆ ಪ್ರಾಣಿ?"

"ಒಂದು ಬೆಕ್ಕು. ನಮ್ಮದಲ್ಲ. ಆದ್ರೂ ಬರ್ಕೊಳ್ಳಿ."

"ಪಕ್ಕ ಮಲಗೋದು?"

"ಆ ಬೆಕ್ಕೇ. ಈಗೀಗ ಮಗಳೂ."

"ಸಿಕ್ಕಿದ್ದೆಲ್ಲ ಬಾಯಿಗೆ ಹಾಕೋರು?"

"ಮಗಳು ಒಬ್ಬಳು," ಅಂದವರೇ ಅತ್ತಿಗೆ ಗೋಡೆಯ ಈಚೆ ಇಣುಕುತ್ತಿದ್ದ ನನ್ನನ್ನು ನೋಡಿಬಿಟ್ಟರು. "ಮತ್ತೆ ಇವನು. ಇವನದು ಬಾಯಿಗೆ ಹೋಗೋದಲ್ಲ, ಬಾಯಿಂದ ಬರೋದು. ಏನು ಕೇಳಿದ್ರೂ ಯೋಚನೆ ಮಾಡದೆ ಇಲ್ಲ ಅಂತಾನೆ, ಇವನನ್ನೂ ಬರ್ಕೊಳ್ಳಿ."

ತೂಕದಮ್ಮ ನಿಜಕ್ಕೂ ಬರೆದುಕೊಂಡರು. ಪಾರ್ಸೆಲ್‌ನ ಚೀಟಿಯಲ್ಲಿ ವಿಳಾಸದ ಜಾಗ ಇಷ್ಟು ದಿನ ಖಾಲಿಯಿತ್ತು. ಅತ್ತಿಗೆ ಪೆನ್ನು ಇಸಿದುಕೊಂಡು, ದುಂಡಗೆ, ನಮ್ಮ ಮನೆಯ ನಂಬರು ಬರೆದರು.